ಗೈಡ್ ನೋಡಿ ಬೆಸ್ಟ್ ಎಂಡಿಂಗ್ ತಗೊಂಡೆ, ಆದ್ರೂ ಏನೂ ಅನ್ನಿಸಲಿಲ್ಲ. ಇನ್ನೂ ಒಳ್ಳೆ ಕಥೆ ಇರುವ ಗೇಮ್ ಯಾವುದು?

ವಿಚರ್ 3, ರೆಡ್ ಡೆಡ್ ರಿಡೆಂಪ್ಷನ್ 2 ಎರಡನ್ನೂ ಗೈಡ್ (ಎಲ್ಲಿ ಯಾವ ಉತ್ತರ ಒತ್ತಿದರೆ ಏನಾಗುತ್ತದೆ ಅಂತ ಮೊದಲೇ ಹೇಳುವ ಬರಹ) ಎದುರಿಗಿಟ್ಟುಕೊಂಡು ಮುಗಿಸಿದ್ದೀರಿ. ಎರಡರಲ್ಲೂ ಒಳ್ಳೆ ಎಂಡಿಂಗ್ ಬಂತು, ಆದರೆ ಎಲ್ಲರೂ ಅತ್ತೆವು ಅನ್ನುವ ಜಾಗದಲ್ಲಿ ನಿಮಗೆ ಏನೂ ಆಗಲಿಲ್ಲ, ಅದಕ್ಕೇ ಇನ್ನೂ ಒಳ್ಳೆ ಕಥೆ ಬೇಕು ಅಂತೀರಿ. ಇಲ್ಲ ರೀ. ಕಥೆ ಬದಲಿಸಿದರೆ ಇದು ಸರಿಹೋಗುವುದಿಲ್ಲ. ನಿಮಗೆ ಸಿಕ್ಕ ಕಥೆಗಳಲ್ಲಿ ಕೊರತೆ ಏನೂ ಇಲ್ಲ, ನೀವು ಅವನ್ನು ಆಡಲೇ ಇಲ್ಲ. ನಾನೂ ವಿಚರ್ 3ರಲ್ಲಿ ಹೀಗೇ ಮಾಡಿಕೊಂಡವನು. (ಈ ಎರಡು ಗೇಮ್ ಇನ್ನೂ ಮುಗಿಸದವರು ಯಾರಾದರೂ ಓದುತ್ತಿದ್ದರೆ ಇಲ್ಲೇ ಬಿಟ್ಟುಬಿಡಿ, ಮುಂದೆ ಎಲ್ಲಾ ಬಿಚ್ಚಿ ಹೇಳ್ತೀನಿ.)

ನಾನು ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗಳಿಗೆ ಓದಿದವನು. ಅಲ್ಲಿದ್ದವರಿಗೆ ಗೊತ್ತು, ಬೆಳಿಗ್ಗೆ ಪೇಪರ್ ಮುಗಿದರೆ ಸಂಜೆ ಹೊತ್ತಿಗೆ ಯಾರೋ ಮಾಡಿದ ಕೀ ಆನ್ಸರ್ ಫೋನಿಗೆ ಬಂದಿರುತ್ತದೆ, ಎಲ್ಲರೂ ಚಹಾ ಅಂಗಡಿ ಮುಂದೆ ನಿಂತು ಮಾರ್ಕ್ಸ್ ಎಣಿಸುತ್ತಿರುತ್ತಾರೆ. ಪೋಸ್ಟ್ ಸಿಗಲಿಲ್ಲ, ಅದು ಬೇರೆ ಕಥೆ. ಹುಬ್ಬಳ್ಳಿಯಲ್ಲಿ ಒಂದು ಕೆಲಸ ಸಿಕ್ಕ ಮೇಲೆ ಕೊಪ್ಪೀಕರ್ ರೋಡ್ ಕಡೆ ವಿಚಾರಿಸಿ ಒಂದು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. ವಿಚರ್ 3 ಬಂದದ್ದು 2015ರಲ್ಲಿ, ಹಳೇ ಕಾರ್ಡಿನ ಮೇಲೂ ಓಡುತ್ತದೆ. ಅಷ್ಟೇ ಕಾರಣಕ್ಕೆ ಅದನ್ನು ಶುರು ಮಾಡಿದೆ. ಅದರಲ್ಲಿ ನಾವು ಗೆರಾಲ್ಟ್, ದುಡ್ಡು ತಗೊಂಡು ರಾಕ್ಷಸರನ್ನು ಬೇಟೆಯಾಡುವವನು, ಅಂಥವರಿಗೇ ವಿಚರ್ ಅನ್ನುವುದು. ಅವನು ಹುಡುಕುತ್ತಿರುವುದು ಮಗಳಂತೆ ಸಾಕಿದ ಸಿರಿಯನ್ನು.

ಮೊದಮೊದಲು ಗೈಡ್ ಇರಲಿಲ್ಲ. ವೆಲೆನ್ ಅನ್ನೋ ಆ ಕೆಸರು ನಾಡಿನಲ್ಲಿ ಬ್ಲಡಿ ಬ್ಯಾರನ್ ಸಿಗುತ್ತಾನಲ್ಲ, ಅಲ್ಲಿವರೆಗೂ ಸುಮ್ನೆ ತೋಚಿದಂತೆ ಆಡಿದೆ. ಆ ಮನುಷ್ಯನ ಬಗ್ಗೆ ಏನು ಅಂದುಕೊಳ್ಳಬೇಕು ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಕುಡುಕ, ಹೆಂಡತಿಗೆ ಹೊಡೆದವನು. ಹೆಂಡತಿ ಮಗಳು ಇಬ್ಬರೂ ಬಿಟ್ಟು ಓಡಿದ್ದಾರೆ, ಅವರನ್ನು ಹುಡುಕಿಕೊಟ್ಟರೆ ಮಾತ್ರ ಸಿರಿಯ ಸುದ್ದಿ ಹೇಳ್ತೀನಿ ಅಂತ ಚೌಕಾಶಿಗೆ ಕೂರುತ್ತಾನೆ. ಆಮೇಲೆ, ಹುಟ್ಟುವ ಮೊದಲೇ ಸತ್ತ ಅವನ ಕೂಸು ಪಿಶಾಚಿಯಾಗಿ ಎದ್ದು ಬರುತ್ತದೆ. ಅದನ್ನು ಕೊಲ್ಲಬಹುದು, ಇಲ್ಲ ಅವನ ಕೈಯಲ್ಲೇ ಎತ್ತಿಸಿಕೊಂಡು ಹೋಗಿ ಹೊಸ್ತಿಲ ಹತ್ತಿರ ಹೂಳಿಸಿ ಹೆಸರು ಇಡಿಸಬಹುದು. ನಾನು ಎರಡನೆಯದು ಮಾಡಿದೆ. ಆ ದಪ್ಪ ಮನುಷ್ಯ ರಾತ್ರಿ ಹೊತ್ತು ಆ ಕೂಸನ್ನು ಎದೆಗೆ ಹಿಡಿದು ನಡೆಯುವುದನ್ನು ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು, ಇಳಿಯಿತಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು.

ಮುಂದೆ ಗುಡ್ಡದ ಕೆಳಗೆ ಒಂದು ಮರದಲ್ಲಿ ಸಿಕ್ಕಿಕೊಂಡ ಆತ್ಮ. ನನ್ನನ್ನು ಬಿಡಿಸು, ಜೌಗಿನಲ್ಲಿ ಮೂವರು ಮಾಟಗಾತಿಯರ ಕೈಲಿರುವ ಅನಾಥ ಮಕ್ಕಳನ್ನು ಉಳಿಸುತ್ತೇನೆ ಅನ್ನುತ್ತದೆ. ಬಿಡಿಸಿದೆ. ಮಕ್ಕಳು ಉಳಿದವು. ಆದರೆ ಒಂದು ಹಳ್ಳಿ ಹಾಳಾಯಿತು, ಬ್ಯಾರನ್ ಹೆಂಡತಿ ಸತ್ತಳು. ಆಮೇಲೆ ಯಾವುದೋ ಕೆಲಸಕ್ಕೆ ಕೋಟೆಗೆ ಹೋದರೆ ಬ್ಯಾರನ್ ಅಂಗಳದ ಮರಕ್ಕೆ ನೇಣು ಹಾಕಿಕೊಂಡಿದ್ದ.

ಆಗ ನಾನು ಫೋನ್ ತೆಗೆದು ಗೈಡ್ ಹುಡುಕಿದೆ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕೆಂದರೆ ನೀವು ಜಾರಿದ್ದೂ ಇಲ್ಲೇ ಅಂತ ನನ್ನ ಅನುಮಾನ. ಬ್ಯಾರನ್ ಸತ್ತಿದ್ದನ್ನು ನೋಡಿ ನನಗೆ ಮೊದಲು ಹೊಳೆದದ್ದು, ನಾನು ತಪ್ಪು ಉತ್ತರ ಬರೆದೆ ಅಂತ. ಗೈಡ್‌ನಲ್ಲಿ ಇನ್ನೊಂದು ದಾರಿ ಇತ್ತು. ಆತ್ಮವನ್ನು ಕೊಂದರೆ ಬ್ಯಾರನ್ ಬದುಕುತ್ತಾನೆ, ಬುದ್ಧಿ ಕಳೆದುಕೊಂಡ ಹೆಂಡತಿಯನ್ನು ಕರೆದುಕೊಂಡು ಮದ್ದು ಹುಡುಕಿ ದೂರ ಹೋಗುತ್ತಾನೆ, ಆದರೆ ಆ ಮಕ್ಕಳು ಉಳಿಯುವುದಿಲ್ಲ. ಅಂದರೆ ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಯಾರೋ ಸಾಯುತ್ತಾರೆ. ಇಷ್ಟು ಓದಿದ ಮೇಲಾದರೂ ಇದಕ್ಕೆ ಕೀ ಆನ್ಸರ್ ಇಲ್ಲ ಅಂತ ತಿಳಿಯಬೇಕಿತ್ತು ಅಲ್ವಾ? ನಾನು ತಿಳಿದುಕೊಂಡದ್ದು ಉಲ್ಟಾ. ಮುಂದಿನ ಪ್ರಶ್ನೆಗಾದರೂ ಮೊದಲೇ ತಯಾರಿ ಮಾಡಿಕೊಳ್ಳಬೇಕು ಅಂದುಕೊಂಡೆ. ಹೊಟ್ಟೆಯಲ್ಲಿ ಆದ ಆ ಸಂಕಟವೇ ಆ ಕಥೆ ನನಗೆ ಕೊಟ್ಟದ್ದು. ನಾನು ಅದನ್ನು ಮೈನಸ್ ಮಾರ್ಕ್ಸ್ ಅಂತ ಓದಿಕೊಂಡೆ.

ಅಲ್ಲಿಂದ ಮುಂದೆ ಫೋನ್ ಕೀಬೋರ್ಡ್ ಪಕ್ಕದಲ್ಲೇ. ಸಿರಿ ವಿಚರ್ ಆಗಬಹುದು, ಸಾಮ್ರಾಜ್ಞಿ ಆಗಬಹುದು, ಇಲ್ಲ ವಾಪಸ್ ಬರದೇ ಹೋಗಬಹುದು. ಅವಳು ಬರುತ್ತಾಳೋ ಇಲ್ಲವೋ ಅನ್ನುವುದು ನಿಂತಿರುವುದು ಕಥೆಯ ಕೊನೆ ಭಾಗದ 5 ಸಣ್ಣ ಜಾಗಗಳ ಮೇಲೆ. ಗೈಡ್‌ನವರು ಐದಕ್ಕೂ ಪ್ಲಸ್ ಮೈನಸ್ ಹಾಕಿ ಕೊಟ್ಟಿದ್ದರು. ಬಾಯಿಪಾಠ ಮಾಡಿದೆ. ಕೆಲವು ಮಾತುಗಳಿಗೆ ಟೈಮರ್ ಇರುತ್ತದಲ್ಲ, ನನಗೆ ಅದರ ಭಯವೇ ಇರಲಿಲ್ಲ. ಪಟ್ಟಿ ಸರಿಯುವ ಮೊದಲೇ ಒತ್ತಿರುತ್ತಿದ್ದೆ.

ಒಂದನ್ನೇ ತಗೊಳ್ಳಿ. ವಿಚರ್‌ಗಳ ಕೋಟೆ ಕೇರ್ ಮೊರ್ಹೆನ್‌ನ ಯುದ್ಧದಲ್ಲಿ ಗೆರಾಲ್ಟ್‌ನ ಗುರು ವೆಸೆಮಿರ್ ಸತ್ತ ಮೇಲೆ ಸಿರಿ ಕುಗ್ಗಿ ಕೂತಿರುತ್ತಾಳೆ. ಗೆರಾಲ್ಟ್ ಎರಡು ರೀತಿ ಮಾತಾಡಬಹುದು. ಎಲ್ಲದರಲ್ಲೂ ನೀನೇ ಗಟ್ಟಿ ಇರಬೇಕು ಅಂತೇನಿಲ್ಲ ಅಂತ ಸಮಾಧಾನ ಮಾಡಬಹುದು, ಇಲ್ಲ ಹೊರಗೆ ಕರೆದುಕೊಂಡು ಹೋಗಿ ಹಿಮದ ಉಂಡೆ ಎಸೆದಾಡಬಹುದು. ಸಮಾಧಾನಕ್ಕೆ ಮೈನಸ್, ಹಿಮದ ಆಟಕ್ಕೆ ಪ್ಲಸ್. ನಾನು ಕಣ್ಣುಮುಚ್ಚಿ ಹಿಮದ ಆಟ ಒತ್ತಿದೆ. ಆದರೆ ನನ್ನ ಪಾಡಿಗೆ ಬಿಟ್ಟಿದ್ದರೆ ನಾನು ನೂರಕ್ಕೆ ನೂರು ಸಮಾಧಾನವನ್ನೇ ಒತ್ತುತ್ತಿದ್ದೆ. ನಮ್ಮ ತಂಗಿಗೆ ಪಿಯುಸಿಯಲ್ಲಿ ಮಾರ್ಕ್ಸ್ ಕಡಿಮೆ ಬಂದಾಗ ನಾನು ಹೇಳಿದ್ದು ಹೆಚ್ಚುಕಡಿಮೆ ಅದೇ ಮಾತು, ಅವಳು ತಟ್ಟೆ ಬಿಟ್ಟು ಎದ್ದು ಹೋಗಿದ್ದಳು, ಯಾಕೆ ಅಂತ ನನಗೆ ಆಗ ಹೊಳೆದಿರಲಿಲ್ಲ. ಒಳ್ಳೆಯದಾಗಲಿ ಅಂತ ಆಡಿದ ಮಾತು ಎದುರಿನವರಿಗೆ ನಿನ್ನ ಕೈಲಾಗಲ್ಲ ಬಿಡು ಅಂತ ಕೇಳಿಸಬಹುದು. ಗೇಮ್ ಇದನ್ನು ನನಗೆ ತೋರಿಸಲು ತಯಾರಾಗಿತ್ತು, ನಾನು ಬಾಗಿಲು ಹಾಕಿಕೊಂಡೆ. ಉಳಿದವೂ ಹಾಗೇ. ಅವಳಿಗೆ ಕಲಿಸುವ ಮಾಂತ್ರಿಕ ಅವ್ಯಾಲಾಕ್‌ನ ಪ್ರಯೋಗಶಾಲೆಯನ್ನು ಅವಳು ಪುಡಿ ಮಾಡಲಿ ಅಂತ ಬಿಡಬೇಕು, ಮಾಂತ್ರಿಕ ಹೆಂಗಸರ ಸಭೆಗೆ ಅವಳೊಬ್ಬಳೇ ಹೋಗಲಿ ಅನ್ನಬೇಕು, ಅವಳಿಗೆ ಸಹಾಯ ಮಾಡಿ ಸತ್ತ ಹುಡುಗನ ಸಮಾಧಿಗೆ ಜೊತೆ ಹೋಗಬೇಕು, ಅವಳನ್ನು ಹೆತ್ತ ಅಪ್ಪ, ಚಕ್ರವರ್ತಿ ಎಮ್‌ಹಿರ್ ಹತ್ತಿರ ಕರೆದುಕೊಂಡು ಹೋದರೆ ಅವನು ಕೊಡುವ ದುಡ್ಡು ಮುಟ್ಟಬಾರದು. ನಾನಾಗಿದ್ದರೆ ಆ ದುಡ್ಡು ಖಂಡಿತ ತಗೊಳ್ಳುತ್ತಿದ್ದೆ, ಅಷ್ಟು ಹೊತ್ತಿಗೆ ಕತ್ತಿ ರಿಪೇರಿಗೇ ಜೇಬು ಖಾಲಿಯಾಗಿತ್ತು.

ಕೊನೆಗೆ ಸಿರಿ ಒಬ್ಬಳೇ ಜಗತ್ತನ್ನೇ ನುಂಗಲು ಬರುವ ಬಿಳಿ ಚಳಿಯನ್ನು ತಡೆಯಲು ಒಳಗೆ ಹೋಗುತ್ತಾಳೆ. ಆಗ ಗೆರಾಲ್ಟ್ ಜೊತೆಗಿನ ಆ ಕ್ಷಣಗಳು ಒಂದೊಂದಾಗಿ ಅವಳ ನೆನಪಿಗೆ ಬರುತ್ತವೆ. ನಾನು ಕುರ್ಚಿಯಲ್ಲಿ ಕೂತು ಹಾಂ ಇದು ಸರಿ, ಇದೂ ಸರಿ ಅಂತ ಟಿಕ್ ಹಾಕಿಕೊಳ್ಳುತ್ತಿದ್ದೆ. ಸಿರಿ ಬದುಕಿ ಬಂದಳು. ಕಂಪ್ಯೂಟರ್ ಆಫ್ ಮಾಡಿ ಊಟಕ್ಕೆ ಹೋದೆ. ನಿಮಗೆ ಆದದ್ದೂ ಇಷ್ಟೇ ಅಲ್ವಾ?

ಇದರಲ್ಲಿ ನಾನು ಕಳೆದುಕೊಂಡದ್ದು ಏನು ಅಂತ ಗೊತ್ತಾದದ್ದು ಗದಗಿನ ನನ್ನ ಗೆಳೆಯನಿಂದ. ಅವನು ಗೈಡ್ ಮುಟ್ಟುವ ಪೈಕಿ ಅಲ್ಲ, ಇಂಟರ್‌ನೆಟ್ ಪ್ಯಾಕ್ ಉಳಿಸುವ ಪೈಕಿ. ಸಿರಿಯನ್ನು ಎಲ್ಲಾ ಕಡೆ ಕಾಪಾಡಲು ಹೋಗಿ ಅವಳು ಬಾರದ ಎಂಡಿಂಗ್ ತಂದುಕೊಂಡ. ಅದರಲ್ಲಿ ಗೆರಾಲ್ಟ್ ಒಬ್ಬನೇ ಜೌಗಿಗೆ ಹೋಗಿ ಆ ಮೂವರಲ್ಲಿ ಉಳಿದ ಒಬ್ಬ ಮಾಟಗಾತಿಯನ್ನು ಕೊಂದು, ಅವಳ ಹತ್ತಿರ ಇದ್ದ ಸಿರಿಯ ಪದಕ ಹಿಡಿದು ಗುಡಿಸಲಲ್ಲಿ ಕೂರುತ್ತಾನೆ, ಸುತ್ತ ರಾಕ್ಷಸರು ಬರುತ್ತಿರುತ್ತಾರೆ, ಅವನು ಏಳುವುದಿಲ್ಲ. ಗೆಳೆಯ ರಾತ್ರಿ ಫೋನ್ ಮಾಡಿ, "ಲೇ, ಅಕಿನ್ನ ಕಾಯಾಕ ಹೋಗಿ ನಾನ ಕೆಡಿಸಿದೆನೇನಲೇ?" ಅಂದ. ನನಗೆ ಉತ್ತರ ಗೊತ್ತಿತ್ತು, ಐದರಲ್ಲಿ ಎಷ್ಟು ಮೈನಸ್ ಅಂತ ಲೆಕ್ಕ ಸಮೇತ ಹೇಳಿದೆ. ಅವನಿಗೆ ಲೆಕ್ಕ ಬೇಕಿರಲಿಲ್ಲ. ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು. ಕೆಟ್ಟ ಎಂಡಿಂಗ್ ಅವನಿಗೆ ಬಂದಿತ್ತು, ಗೇಮ್ ಆಡಿದವನೂ ಅವನೇ ಆಗಿದ್ದ.

ರೆಡ್ ಡೆಡ್ 2 ಮುಗಿಸಿದ್ದು ಇತ್ತೀಚೆಗೆ, ಗೈಡ್ ಇಲ್ಲದೆ. 150 ಜಿಬಿ ಡೌನ್‌ಲೋಡ್ ಮಾಡಲು ಪಟ್ಟ ಪಾಡು ಬೇಡ, ನಡುವೆ ಕರೆಂಟ್ ಬೇರೆ. 1899ರ ಅಮೆರಿಕ, ದರೋಡೆ ಗ್ಯಾಂಗ್, ಅದರಲ್ಲಿ ಆರ್ಥರ್ ಮಾರ್ಗನ್. ಶುರುವಿನ ಹಿಮದ ಭಾಗ ಬಹಳ ಎಳೆದಿದ್ದಾರೆ ಅಂತ ಈಗಲೂ ಅನ್ನುತ್ತೇನೆ. ಆದರೆ ಆ ಸಾಲ ವಸೂಲಿ! ಡೌನ್ಸ್ ಅನ್ನೋ ಬಡ ರೈತನಿಗೆ ಹೊಡೆಯುವಾಗ ಅವನು ಆರ್ಥರ್ ಮುಖಕ್ಕೆ ಕೆಮ್ಮುತ್ತಾನೆ. ನನಗೆ ಅದು ಲೆಕ್ಕಕ್ಕೇ ಬರಲಿಲ್ಲ, ಮುಂದಿನ ಬೇಟೆಗೆ ಹೊರಟೆ. ಎಷ್ಟೋ ಗಂಟೆ ಆಟದ ನಂತರ ಸೇಂಟ್ ಡೆನಿಸ್‌ನಲ್ಲಿ ಆರ್ಥರ್ ಬೀದಿಯಲ್ಲಿ ಕುಸಿದು, ಡಾಕ್ಟರ್ ಕ್ಷಯ ಅಂದಾಗ ನನ್ನ ಬಾಯಿಂದ "ಅಯ್ಯೋ, ಆ ಕೆಮ್ಮು!" ಅಂತ ಬಂತು. ಅಡುಗೆಮನೆಯಿಂದ ಅವ್ವ ಏನಾತೋ ಅಂತ ಕೂಗಿದಳು.

ಅದು ಗೈಡ್‌ನಲ್ಲಿ ಒಂದು ಸಾಲು ಅಷ್ಟೇ. ಅದನ್ನು ಮೊದಲೇ ಓದಿದ್ದರೆ ಡೌನ್ಸ್‌ನ ಮುಖ ನೋಡುವಾಗಲೇ ನೀವು ವೈದ್ಯರಾಗಿರುತ್ತೀರಿ, ಆರ್ಥರ್ ಆಗಿರುವುದಿಲ್ಲ. ಕ್ಷಯದ ರೋಗಾಣುವನ್ನು ವಿಜ್ಞಾನಿ ರಾಬರ್ಟ್ ಕಾಕ್ 1882ರಲ್ಲೇ ಜಗತ್ತಿಗೆ ತೋರಿಸಿದ್ದ, ಆದರೆ ಅದಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ಆರ್ಥರ್ ಸಿಕ್ಕಿಕೊಂಡದ್ದು ಆ ನಡುವಿನಲ್ಲಿ. ನಮ್ಮ ಕಾಕಾ ಟಿಬಿ ಬಂದು ಸರ್ಕಾರಿ ಆಸ್ಪತ್ರೆಯ ಪುಕ್ಕಟೆ ಮಾತ್ರೆ 6 ತಿಂಗಳು ತಪ್ಪದೆ ನುಂಗಿ ಈಗ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿಕೊಂಡು ಆರಾಮ ಇದ್ದಾರೆ. ಆರು ತಿಂಗಳ ಮಾತ್ರೆ ಆರ್ಥರ್‌ಗೆ ಇರಲಿಲ್ಲ ಅನ್ನುವುದು ನನ್ನನ್ನು ವಿಚಿತ್ರವಾಗಿ ಕಾಡಿತು. ಆಮೇಲೆ ನಾನು ಆಡುವ ರೀತಿಯೇ ಬದಲಾಯಿತು. ಸಾಲಗಾರರನ್ನು ಬಿಟ್ಟುಬಿಟ್ಟೆ, ಡೌನ್ಸ್‌ನ ಹೆಂಡತಿ ಮಗನನ್ನು ಹುಡುಕಿ ದುಡ್ಡು ಕೊಟ್ಟೆ. ಆನರ್ (ಆರ್ಥರ್ ಒಳ್ಳೆಯವನೋ ಕೆಟ್ಟವನೋ ಅಂತ ಗೇಮ್ ಅಳೆಯುವ ಮೀಟರ್) ಹೆಚ್ಚಾದರೆ ಒಳ್ಳೆ ಎಂಡಿಂಗ್ ಅಂತ ನನಗೆ ಆಗ ಗೊತ್ತೇ ಇರಲಿಲ್ಲ, ನೋಡಲಾಗದೆ ಕೊಟ್ಟೆ. ರೈಲು ನಿಲ್ದಾಣದಲ್ಲಿ ಆ ಸನ್ಯಾಸಿನಿ ಮುಂದೆ ಅಷ್ಟು ಗಟ್ಟಿ ಮನುಷ್ಯ ಭಯ ಆಗ್ತಿದೆ ಅಂದಾಗ ನಾನು ಅತ್ತೆ. ಮೀಟರ್ ತುಂಬಿಸಲು ದಾನ ಮಾಡಿದ್ದರೆ ಅಳು ಬರುತ್ತಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ಹೆಸರು ಬೇಕೇ ಬೇಕು ಅಂದರೆ, ಮೊದಲು ವೆಣ್ಬಾ (Venba) ಆಡಿ. 2023ರದ್ದು, ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಕೆನಡಾಕ್ಕೆ ಹೋದ ತಮಿಳು ಕುಟುಂಬ, ಅಮ್ಮನ ಹಳೇ ಅಡುಗೆ ಪುಸ್ತಕ, ಅದರ ಹಾಳೆ ಹರಿದು ಅಕ್ಷರ ಅಳಿಸಿವೆ, ಉಳಿದದ್ದನ್ನು ನೀವು ಊಹಿಸಿ ಮಾಡಬೇಕು. ಮೊದಲ ಅಡುಗೆಯೇ ಇಡ್ಲಿ. ಇಡ್ಲಿ ತಟ್ಟೆ ಹೇಗೆ ಜೋಡಿಸಬೇಕು ಅಂತ ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಹಿಂದೆ ನಿಂತಿದ್ದ ಅವ್ವ, "ಉಗಿ ಹೆಂಗ ಮ್ಯಾಲ ಬರಬೇಕು ಹಂಗಾದ್ರ?" ಅಂತ ಬೈದಳು. ಆ ಥರದ ಗೈಡ್ ಇಟ್ಟುಕೊಳ್ಳಬಹುದು, ನನ್ನ ತಕರಾರಿಲ್ಲ. ಕಥೆ ಪೂರ್ತಿ ಅವಳೂ ಕೂತು ನೋಡಿದಳು.

ಇಂಗ್ಲಿಷ್ ಓದಲು ಬೇಜಾರಿಲ್ಲದಿದ್ದರೆ ಆಮೇಲೆ ಡಿಸ್ಕೊ ಎಲಿಸಿಯಂ, 2019ರದ್ದು. ನಿಮಗೆ ಹತ್ತಿದ ರೋಗಕ್ಕೆ ಅದೇ ಸರಿಯಾದ ಮದ್ದು. ಕುಡಿದು ಎಲ್ಲಾ ಮರೆತ ಒಬ್ಬ ಪೊಲೀಸ್, ಅವನ ತಲೆಯೊಳಗಿನ 24 ಗುಣಗಳು ಒಂದೊಂದೂ ಬಾಯಿ ಹಾಕುತ್ತವೆ, ಮಾತುಮಾತಿಗೂ ದಾಳ ಬೀಳುತ್ತದೆ. ದೇಹ ಬಲ ಕಡಿಮೆ ಇಟ್ಟುಕೊಂಡರೆ ಶುರುವಿನಲ್ಲಿ ರೂಮಿನ ಲೈಟ್ ಹಾಕಲು ಹೋಗಿಯೇ ಸಾಯಬಹುದು. ಅಲ್ಲಿ ಸೋತ ದಾಳಗಳಿಂದಲೇ ಎಷ್ಟೋ ಒಳ್ಳೆ ಮಾತು, ಒಳ್ಳೆ ಅವಮಾನ ಹುಟ್ಟುತ್ತವೆ. ಪ್ರತಿ ಸಲ ಗೆಲ್ಲಲು ಹೋದರೆ ಅರ್ಧ ಗೇಮ್ ಕಾಣುವುದೇ ಇಲ್ಲ.

ಮ್ಯಾಪ್, ಗಿಡಮೂಲಿಕೆ, ಯಾವ ಬಾಸ್‌ಗೆ ಯಾವ ಆಯುಧ, ಇದಕ್ಕೆಲ್ಲ ಗೈಡ್ ನೋಡಿ, ಪಾಪ ಇಲ್ಲ. ಯಾರಿಗೆ ಏನು ಹೇಳಬೇಕು ಅನ್ನುವುದಕ್ಕೆ ಮಾತ್ರ ಬೇಡ. ಇನ್ನೊಂದು, ಹಳೇ ಸೇವ್ ಲೋಡ್ ಮಾಡುವುದೂ, ಅಂದರೆ ಆಟದಲ್ಲಿ ಹಿಂದಕ್ಕೆ ಹೋಗಿ ಬೇರೆ ಉತ್ತರ ಒತ್ತುವುದೂ ಗೈಡೇ. ಫೋನ್ ಬೇರೆ ರೂಮಿನಲ್ಲಿಟ್ಟು ಬಂದು, ಬೇಕಾದ ಉತ್ತರ ಬರುವವರೆಗೂ ಲೋಡ್ ಒತ್ತುತ್ತಾ ಕೂತಿರೋ, ಮುಂದಿನ ತಿಂಗಳು ಬಂದು ಇದೇ ಪ್ರಶ್ನೆ ಕೇಳುತ್ತೀರಿ, ನಾನು ಉತ್ತರ ಬರೆಯಲ್ಲ.