ಗೋ (ಕಪ್ಪು-ಬಿಳಿ ಕಲ್ಲಿಟ್ಟು ಜಾಗ ಸುತ್ತುವರಿಯುವ ಬೋರ್ಡ್ ಆಟ) ನಿಯಮ ಕಲಿತಾಯಿತು, ಆದರೆ ಗಡಿಯಾರ ಕಂಡರೆ ಕೈ ನಡುಗುತ್ತದೆ. ಈ ಆಟವನ್ನು ಆನ್‌ಲೈನ್‌ನಲ್ಲಿ ಶುರು ಮಾಡುವಾಗ ಮೊದಲು ಬಾಟ್ (ಆಡುವ ಕಂಪ್ಯೂಟರ್ ಪ್ರೋಗ್ರಾಂ) ಜೊತೆ ಆಡಬೇಕಾ, ಮನುಷ್ಯರ ಜೊತೆನಾ?

ಮನುಷ್ಯರ ಜೊತೆ. ನಿಯಮ ಕಲಿತಾಯಿತು ಅಂತ ನೀವೇ ಬರೆದಿದ್ದೀರಿ, ಇನ್ನೇಕೆ ಕಾಯುವುದು?

ನಾನು ಉಲ್ಟಾ ಮಾಡಿದೆ. ಎರಡು ತಿಂಗಳು ಒಂದು ಸಾದಾ ಬಾಟ್ ಜೊತೆಯೇ ಆಡಿದೆ. ಅದು ಪ್ರತಿ ಸಲ ಒಂದೇ ತರಹದ ತಪ್ಪು ಮಾಡುತ್ತಿತ್ತು. ಆ ತಪ್ಪಿಗೆ ಹೊಂಚು ಹಾಕುವುದನ್ನು ಕಲಿತೆನೇ ಹೊರತು ಗೋ ಕಲಿಯಲಿಲ್ಲ. ಮೊದಲ ಸಲ ಮನುಷ್ಯರ ಎದುರು ಆಡಿದಾಗ ಸಿಕ್ಕಿಬಿದ್ದ ಒಂದೇ ಒಂದು ಕಲ್ಲನ್ನು ಉಳಿಸಲು ಓಡಿದೆ, ಓಡಿದೆ. ಬೋರ್ಡಿನ ಅಂಚು ಮುಟ್ಟುವ ಹೊತ್ತಿಗೆ ಅಷ್ಟೂ ಕಲ್ಲು ಹೋದವು. ಇದನ್ನೇ ಲ್ಯಾಡರ್ ಅಂತಾರೆ ಎಂದು ಆಮೇಲೆ ತಿಳಿಯಿತು!

ಹಾಗಂತ ಬಾಟ್ ಅಂದರೆ ಕೀಳಲ್ಲ. 2016ರಲ್ಲಿ ಆಲ್ಫಾಗೋ ಎಂಬ ಬಾಟ್ ಕೊರಿಯಾದ ದಿಗ್ಗಜ ಆಟಗಾರ ಲೀ ಸೆಡಾಲ್ ಅವರನ್ನು 4-1ರಿಂದ ಸೋಲಿಸಿದ ಮೇಲೆ ಆ ಮಾತು ಹೇಳುವವರಿಲ್ಲ. ಆದರೆ ಅಷ್ಟು ಬಲದ ಬಾಟ್ ಅಲ್ಲೇ ಯಾಕೆ ಕಲ್ಲಿಟ್ಟಿತು ಅಂತ ಹೊಸಬರಿಗೆ ಹೊಳೆಯುವುದಿಲ್ಲ. ಆಟ ಮುಗಿದ ಮೇಲೆ ನಡೆಗಳನ್ನು ವಿಶ್ಲೇಷಿಸುವ ಕಟಾಗೋ ಬಾಟ್ ಹಾಕಿ, ಎಲ್ಲಕ್ಕಿಂತ ದೊಡ್ಡ ಒಂದು ತಪ್ಪು ಮಾತ್ರ ನೋಡಿ. ಉಳಿದಿದ್ದು ಸುಮ್ನೆ ತಲೆನೋವು.

ಗೋ ಆಡುವ ತಾಣವಾದ ಓಜಿಎಸ್‌ನಲ್ಲಿ ಉಚಿತವಾಗಿ, ಬ್ರೌಸರ್‌ನಲ್ಲೇ ಆಡಬಹುದು. 9×9 ಬೋರ್ಡಿನಿಂದ ಶುರು ಮಾಡಿ. 19×19ರಲ್ಲಿ ಕಲ್ಲಿಡಲು 361 ಜಾಗ, ಇಲ್ಲಿ 81 ಅಷ್ಟೇ. ಗಡಿಯಾರ ಕಂಡರೆ ಕೈ ನಡುಗುತ್ತದೆ ಅಂದಿರಲ್ಲ, ಒಂದು ನಡೆಗೆ ಒಂದೆರಡು ದಿನ ಕೊಡುವ ಆಟಗಳೂ ಇವೆ. ಬ್ಯೋಯೋಮಿಗೂ (ಮುಖ್ಯ ಸಮಯ ಮುಗಿದ ಮೇಲೆ ಸಿಗುವ ಹೆಚ್ಚುವರಿ ಸುತ್ತುಗಳಿಗೂ) ಹೆದರಬೇಡಿ. ಮೂವತ್ತು ಸೆಕೆಂಡಿನ ಐದು ಸುತ್ತು ಅಂದರೆ, ಮೂವತ್ತರೊಳಗೆ ಆಡಿದರೆ ಸುತ್ತು ಕಳೆಯುವುದಿಲ್ಲ, ಐದೂ ಹಾಗೇ ಇರುತ್ತವೆ.

ಹೊಸಬರು ನಿಜಕ್ಕೂ ತಡಬಡಿಸುವುದು ಕೊನೆಯಲ್ಲಿ. ಚೆಸ್‌ನಲ್ಲಿ ಚೆಕ್‌ಮೇಟ್ ಆದರೆ ಮುಗೀತು. ಇಲ್ಲಿ ಮುಗಿಯಿತು ಅಂತ ಇಬ್ಬರೂ ಒಪ್ಪಬೇಕು. ಇಬ್ಬರೂ ಪಾಸ್ ಹೇಳಿದ ಮೇಲೆ ಯಾವ ಕಲ್ಲು ಸತ್ತಿದೆ, ಅಂದರೆ ಉಳಿಯಲಾರದು, ಅಂತ ಗುರುತು ಹಾಕುವ ಹಂತ ಬರುತ್ತದೆ. ಒಮ್ಮೆ ನನ್ನ ಬದುಕಿದ್ದ ಗುಂಪಿಗೇ ಸತ್ತ ಗುರುತು ಬಿದ್ದಿತ್ತು. ಎರಡು ಕಣ್ಣಿದ್ದ, ಅಂದರೆ ಒಳಗೆ ಎರಡು ಬೇರೆ ಬೇರೆ ಖಾಲಿ ಜಾಗವಿದ್ದು ಹಿಡಿಯಲಾಗದ, ಗಟ್ಟಿ ಗುಂಪು! ಗೆದ್ದ ಖುಷಿಯಲ್ಲಿ ನೋಡದೆ ಒಪ್ಪಿಗೆ ಒತ್ತಿದೆ, ಸೋತೆ. ಎದುರಿನವರು ಒಂದು ನಗುವ ಮುಖ ಕಳಿಸಿ ಹೊರಟೇ ಹೋದರು.