ಅಪ್ಪನ ಹಳದಿ ಅಂಚಿನ ಪತ್ರಿಕೆಗಳು

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಮನೆಯ ಜಗಳಕ್ಕೆ ಸಲಹೆ ಕೇಳಿ ನನ್ನ ಬಳಿ ಬಂದವರು ಅಪ್ಪ ಮತ್ತು ಮಗ. ಅಪ್ಪ ನಿವೃತ್ತ ಗುಮಾಸ್ತರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹೆಕ್ಕಿ ತಂದ, ಹಳದಿ ಅಂಚಿನ ಅಮೆರಿಕನ್ ಮಾಸಪತ್ರಿಕೆ ‘ನ್ಯಾಷನಲ್ ಜಿಯಾಗ್ರಫಿಕ್’ನ ಹಳೆಯ ಸಂಚಿಕೆಗಳು ಅಟ್ಟ ತುಂಬಿ, ಮಂಚದ ಕೆಳಗೆ ಇಳಿದು, ಸೊಸೆಯ ಬೀರುವನ್ನೂ ಹಿಡಿದಿದ್ದವು. ಅಪ್ಪ ಊರಿಗೆ ಹೋಗಿದ್ದಾಗ ಮಗ ಎರಡು ಮೂಟೆ ರದ್ದಿಗೆ ಹಾಕಿದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಮಗನ ದೂರು ಸುಳ್ಳಲ್ಲ. ಹೊಳಪು ಕಾಗದ ವಿಪರೀತ ಭಾರ. ಮಳೆಗಾಲದಲ್ಲಿ ಮುಗ್ಗಲು ವಾಸನೆ, ಮಗುವಿಗೆ ಸೀನು. ಅಪ್ಪನದು ಒಂದೇ ವಾದ: “ಮುಂದೆ ಲಕ್ಷ ಬಾಳುತ್ತೆ.”

ಬಾಳಲ್ಲ ಎಂದು ನೇರವಾಗಿಯೇ ಹೇಳಿದೆ. 1888ರಲ್ಲಿ ಶುರುವಾದ ಪತ್ರಿಕೆಯ ಮೊದಮೊದಲ ಸಂಚಿಕೆಗಳಿಗೆ ಬೆಲೆ ಇದೆ, ನಿಜ. ಇವರ ಬಳಿ ಇದ್ದದ್ದು ಹೆಚ್ಚಾಗಿ 1970, 80ರ ದಶಕದವು. ಆಗ ತಿಂಗಳಿಗೆ ಕೋಟಿಯ ಆಸುಪಾಸು ಪ್ರತಿ ಹೋಗುತ್ತಿತ್ತು. ಅಮೆರಿಕದಲ್ಲಿ ಎಸೆಯಲು ಮನಸ್ಸು ಬರದೆ ಎಷ್ಟೋ ಮನೆಯವರು ಎತ್ತಿಟ್ಟರು. ಎಲ್ಲರ ಅಟ್ಟದಲ್ಲೂ ಇರೋದಕ್ಕೆ ದುಡ್ಡು ಕೊಡೋರು ಯಾರು?

ಅಪ್ಪನಿಗೆ ಬೇಜಾರೇ ಆಗಲಿಲ್ಲ. ಲಕ್ಷದ ಮಾತು ಮಗನ ಬಾಯಿ ಮುಚ್ಚಿಸೋಕೆ ಅಷ್ಟೇ, ಅಲ್ವಾ?

ಬಿಡಲಾಗದ ಮೂರು ಸಂಚಿಕೆ ತನ್ನಿ ಎಂದೆ. ಒಂದರೊಳಗೆ ಮಡಿಸಿಟ್ಟ ನಕಾಶೆ ಇತ್ತು. ಮಡಿಕೆ ಹರಿದಲ್ಲೆಲ್ಲ ಸೆಲ್ಲೋಟೇಪು, ಕಂದಾಗಿ ಜಿಗುಟಾಗಿತ್ತು. ಸಮುದ್ರದ ಮೇಲೆ ನೀಲಿ ಪೆನ್ನಿನಲ್ಲಿ ಹಡಗಿನ ದಾರಿ. “ನೀನೇ ಕಣೋ ಗೀಚಿದ್ದು, ನಾಲ್ಕನೇ ಕ್ಲಾಸಲ್ಲಿ.” ಮಗ ಬಗ್ಗಿ ನೋಡಿದರು. “ಹಡಗು ಸಹಾರಾ ದಾಟಿ ಹೋಗಿದೆಯಲ್ಲಪ್ಪ!” ಇಬ್ಬರೂ ನಕ್ಕರು.

ಮಗನಿಗೆ ಹೇಳಿದ್ದು: ಕ್ಷಮೆ ಕೇಳಿ, ಅದಕ್ಕೆ ‘ಆದರೆ’ ಅಂಟಿಸಬೇಡಿ. ಇನ್ನು ಮುಂದೆ ಕೇಳದೆ ಒಂದು ಹಾಳೆಯೂ ಆಚೆ ಹೋಗಬಾರದು.

ಅಪ್ಪನಿಗೆ: ಸೊಸೆಯ ಬೀರು ಈ ವಾರವೇ ಖಾಲಿಯಾಗಲಿ. ಆಕೆಯನ್ನು ಈವರೆಗೆ ಯಾರೂ ಒಂದು ಮಾತು ಕೇಳಿಲ್ಲ. ನಿಮಗೆ ಪ್ರತ್ಯೇಕ ಕಪಾಟು ಒಂದೇ, ಆರಿಸೋರು ನೀವೇ. ಎರಡೆರಡು ಇರುವವು ಮೊದಲು ಹೊರಡಲಿ. ಕಪಾಟು ಗೋಡೆಗೆ ತಾಗದಿರಲಿ. ಪ್ಲಾಸ್ಟಿಕ್‌ನಲ್ಲಿ ಬಿಗಿದರೆ ತೇವ ಒಳಗೇ ಕೂರುತ್ತೆ. ಮಿಕ್ಕಿದ್ದನ್ನು ಶಾಲೆಗೆ ಕೊಡುವ ಆಸೆ ಇದ್ದರೆ ಮೊದಲು ಮೇಷ್ಟ್ರನ್ನು ಕೇಳಿ. ಸುಮ್ನೆ ಹೊತ್ತು ಹಾಕಿದರೆ ಅಲ್ಲಿನ ಸ್ಟೋರ್ ರೂಮಿನಲ್ಲಿ ಗೆದ್ದಲಿಗೆ ಊಟವಾಗುತ್ತೆ.