ಒಗರು ಎಂದರೆ ಕಹಿಯೇ?

‘ಒಗರು, ಕಹಿ ಎರಡಕ್ಕೂ ಮುಖ ಕಿವುಚುತ್ತೇವಲ್ಲ, ಎರಡೂ ಒಂದೇ ಅಲ್ಲವೇ?’ ಎಂದು ಕೇಳಿದ್ದೀರಿ. ಖಂಡಿತ ಒಂದೇ ಅಲ್ಲ. ಹಾಗಲಕಾಯಿ ಕಹಿ, ತಿಂದರೆ ಬಾಯಿ ಒಣಗುವುದಿಲ್ಲ. ಎಳೆಯ ಬಾಳೆಕಾಯಿಯನ್ನು ಹಸಿಯಾಗಿಯೇ ಕಚ್ಚಿ ನೋಡಿ. ನಾಲಿಗೆ ದಪ್ಪವಾದಂತೆನಿಸಿ, ಕೆನ್ನೆಯ ಒಳಭಾಗ ಹಲ್ಲಿಗೆ ಅಂಟಿಕೊಂಡಂತಾಗುತ್ತದೆ. ಅದು ಒಗರು.

ಕಾಯಿಯಲ್ಲಿರುವ ಟ್ಯಾನಿನ್ ಎಂಬ ವಸ್ತು ಜೊಲ್ಲಿನ ಪ್ರೋಟೀನುಗಳನ್ನು ಹಿಡಿದುಕೊಂಡಾಗ ಬಾಯಿಯ ನುಣುಪು ಹೋಗಿಬಿಡುತ್ತದೆ. ಆಯುರ್ವೇದ ಇದನ್ನು ‘ಕಷಾಯ’ ಎಂದು ಕರೆದು ಆರು ರಸಗಳಲ್ಲಿ ಸೇರಿಸಿದೆ. ಇಂದಿನ ವಿಜ್ಞಾನಿಗಳಲ್ಲಿ ಅನೇಕರು ಇದನ್ನು ರುಚಿಗಿಂತ ಸ್ಪರ್ಶವೆಂದೇ ಎಣಿಸುತ್ತಾರೆ. ನನಗೂ ಅದೇ ಸರಿ ಎನಿಸುತ್ತದೆ. ಒಗರು ತುಟಿಗೂ ವಸಡಿಗೂ ಗೊತ್ತಾಗುತ್ತದಲ್ಲ!

ನಮ್ಮ ತೀರ್ಥಹಳ್ಳಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರಿನ, ಹನಿ ನಾಲಿಗೆಗೆ ತಾಗಿದರೆ ಸಾಕು. ಪೇರಲೆ ಕುಡಿಯೂ ಒಗರೇ. ಆದರೆ ಅದನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿತುರಿಯ ಜೊತೆ ರುಬ್ಬಿ ಮಜ್ಜಿಗೆ ಬೆರೆಸಿದರೆ ಸೊಗಸಾದ ತಂಬುಳಿ. ಮಜ್ಜಿಗೆಯ ಪ್ರೋಟೀನು ಟ್ಯಾನಿನ್ನನ್ನು ಮೊದಲೇ ಹಿಡಿದುಕೊಳ್ಳುವುದರಿಂದ ಒಗರು ತಗ್ಗುತ್ತದೆ. ಬಾಳೆ ಹೂವನ್ನು ಹೆಚ್ಚಿ ಮಜ್ಜಿಗೆ ನೀರಿಗೆ ಹಾಕುವುದರಲ್ಲೂ ಇದೇ ಜಾಣತನವಿದೆ.

ಬಳಕೆಯಲ್ಲಿ ‘ಬಾಯಿ ಒಗರಾಯಿತು’, ‘ನೇರಳೆ ಒಗರೊಗರಾಗಿದೆ’ ಎನ್ನುತ್ತೇವೆ. ‘ಕಹಿ ನೆನಪು’ ಇದ್ದಂತೆ ‘ಒಗರು ನೆನಪು’ ರೂಢಿಯಲ್ಲಿಲ್ಲ. ನೀವು ಬರೆದ ‘ನೆಲ್ಲಿಕಾಯಿಯ ಕಹಿ’ಯನ್ನು ‘ನೆಲ್ಲಿಕಾಯಿಯ ಹುಳಿ ಒಗರು’ ಎಂದು ತಿದ್ದಿಕೊಳ್ಳಿ.